ಊಟ ಬಿಟ್ಟು ಎದ್ದ ಗಂಡಿನ ಕಡೆಯವರು

ಜಗತ್ತಿನ ಜಗಳಗಳೆಲ್ಲ ಜಯನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಬಂದು ಬೀಳುತ್ತವೆ. ಒಂದು ಕನ್ನಡ ಪತ್ರಿಕೆಯ ವಿದೇಶ ಪುಟಕ್ಕೆ ಸುದ್ದಿ ಅನುವಾದ ಮಾಡಿಕೊಡುವುದು ನನ್ನ ಕೆಲಸ. ಮಂಡಿ ನೋವು ಶುರುವಾದ ಮೇಲೆ ಕಚೇರಿಗೆ ಹೋಗುವುದನ್ನು ಬಿಟ್ಟು ಮನೆಯಿಂದಲೇ ಮಾಡುತ್ತಿದ್ದೇನೆ. ನಾನು ಹೇಳುತ್ತಿರುವ ಆ ವರ್ಷವಂತೂ ಅಮೆರಿಕ ಸರ್ಕಾರಕ್ಕೆ ಏಷ್ಯಾ ಬಿಟ್ಟು ಬೇರೆ ಯೋಚನೆಯೇ ಇದ್ದಂತಿರಲಿಲ್ಲ. ಚೀನಾದ ಸರಕಿನ ಮೇಲೆ ಸುಂಕ ಹಾಕಿತು, ಚೀನಾ ಅಮೆರಿಕದ ಸೋಯಾ ಮೇಲೆ ತಿರುಗಿ ಹಾಕಿತು. ನಮ್ಮವರೂ ಬಾದಾಮಿ, ಸೇಬಿನ ಮೇಲೆ ಹಾಕುತ್ತೇವೆಂದು ಗುರ್ ಅಂದರು. ಇದರ ನಡುವೆ ಉತ್ತರ ಕೊರಿಯಾ ಅಣ್ವಸ್ತ್ರ ಕೈಬಿಡುತ್ತೇನೆ ಅನ್ನುತ್ತಿತ್ತು, ಕೈಬಿಡುತ್ತಿರಲಿಲ್ಲ. ನಾನು 'ಸುಂಕ ಸಮರ' ಎಂದು ಬರೆದೂ ಬರೆದೂ ಆ ಎರಡು ಪದಗಳನ್ನು ಕಂಡರೆ ಮೈ ಉರಿಯುವಂತಾಗಿತ್ತು.

ಪುಟದ ಮುಖ್ಯಸ್ಥರಿಗೂ ನನಗೂ ಹಳೆಯ ಸ್ನೇಹ. ಬೇಸರ ಕಳೆಯಲು ನಾವಿಬ್ಬರೂ ಒಂದು ಗುಟ್ಟಿನ ಭಾಷೆ ಮಾಡಿಕೊಂಡಿದ್ದೆವು. ಕನ್ನಡದಲ್ಲಿ ದೇಶ ದೇಶಗಳ ನಡುವೆ ನಡೆಯುವುದೂ ಮಾತುಕತೆ, ಮದುವೆಗೆ ಮುಂಚೆ ನಡೆಯುವುದೂ ಮಾತುಕತೆ. ಎರಡರಲ್ಲೂ ಷರತ್ತು, ಎರಡರಲ್ಲೂ ಮುನಿಸು, ಎರಡರಲ್ಲೂ ಮಧ್ಯಸ್ಥಿಕೆಗೆ ಬಂದ ಪುಣ್ಯಾತ್ಮ ಕೊನೆಗೆ ಎರಡೂ ಕಡೆಯವರಿಗೆ ಕೆಟ್ಟವನು. ಹಾಗಾಗಿ ನಮ್ಮ ಲೆಕ್ಕದಲ್ಲಿ ಅಮೆರಿಕ ಯಾವಾಗಲೂ 'ಗಂಡಿನ ಕಡೆ'. ಎದುರು ಕೂತ ದೇಶ 'ಹೆಣ್ಣಿನ ಕಡೆ'. ಚೀನಾಕ್ಕೆ ಮಾತ್ರ ಬೇರೆ ಹೆಸರು: 'ವ್ಯಾಪಾರಸ್ಥರು'. ಫೋನಿನಲ್ಲಿ ಇದನ್ನು ಕೇಳಿ ನಮ್ಮ ಯಜಮಾನರು ತಲೆ ಚಚ್ಚಿಕೊಳ್ಳುತ್ತಿದ್ದರು, ಆದರೆ ಏನೂ ಹೇಳುತ್ತಿರಲಿಲ್ಲ. ಮನೆಯಲ್ಲಿ ಅವರದು ಮೊದಲಿನಿಂದಲೂ ಅಲಿಪ್ತ ನೀತಿ.

ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಮಾತುಕತೆ ಗೊತ್ತಾಗಿತ್ತು. ನಮ್ಮ ಒಬ್ಬಳೇ ಮಗಳು ಫಿಸಿಯೋಥೆರಪಿಸ್ಟ್. ಬೆಕ್ಕಿನ ಕಾಲಿಗೆ ಪೆಟ್ಟಾಯಿತೆಂದು ಬಿಟಿಎಂ ಲೇಔಟಿನ ಪಶುವೈದ್ಯನ ಬಳಿ ಒಯ್ದವಳು, ಬೆಕ್ಕು ಗುಣವಾದ ಮೇಲೂ ಹೋಗುತ್ತಲೇ ಇದ್ದಳು. ಕಡೆಗೆ ವಿಷಯ ಬಾಯಿಬಿಟ್ಟಳು. ಹುಡುಗನ ಮನೆಯವರು ತಿಪಟೂರಿನ ಕಡೆಯ ಲಿಂಗಾಯತರು, ಕೊಬ್ಬರಿ ವ್ಯಾಪಾರ, ಈಗ ಪುಟ್ಟೇನಹಳ್ಳಿ ಕೆರೆಯ ಹತ್ತಿರ ಮನೆ. ನಾವು ಸಂಧ್ಯಾವಂದನೆ ಮರೆತ ಬ್ರಾಹ್ಮಣರು. ಜಾತಿಯ ವಿಷಯ ಎರಡೂ ಕಡೆಯವರು ಸ್ವಲ್ಪ ಮುಖ ಗಂಟು ಹಾಕಿಕೊಂಡು ಆಮೇಲೆ ನುಂಗಿಕೊಂಡರು. ಭಾನುವಾರ ಅವರು ನಮ್ಮ ಮನೆಗೆ ಬರುವುದು, ಊಟ ಮಾಡಿ ಮಾತು ಮುಗಿಸುವುದು ಎಂದಾಗಿತ್ತು.

ನನಗಿದ್ದ ಭಯ ಬೇರೆ. ಮಗಳಿಗೆ ಹಿಂದೆ ಒಮ್ಮೆ ನಿಶ್ಚಿತಾರ್ಥವಾಗಿತ್ತು. ಛತ್ರ ಗೊತ್ತುಮಾಡಿ, ಸೀರೆ ತಂದ ಮೇಲೆ ಆ ಹುಡುಗನ ಕಡೆಯವರು ಫೋನು ಮಾಡಿ ಬೇಡ ಅಂದುಬಿಟ್ಟರು. ಯಾಕೆ ಎಂದು ಇವತ್ತಿಗೂ ನಮಗೆ ಗೊತ್ತಿಲ್ಲ. ಆಮೇಲೆ ಬಂದವರೆಲ್ಲ ಈ ವಿಷಯ ಕಿವಿಗೆ ಬಿದ್ದ ಕೂಡಲೇ "ತಿಳಿಸ್ತೀವಿ" ಎಂದು ಹೋದವರು ತಿಳಿಸಲಿಲ್ಲ. ಮಗಳು ಪಶುವೈದ್ಯನಿಗೆ ಎಲ್ಲವನ್ನೂ ಹೇಳಿದ್ದಳು. "ದೊಡ್ಡವರಿಗೆ ನೀನೇ ಹೇಳಮ್ಮ, ಭಾನುವಾರ" ಅಂದಳು. ನಾನು "ಮೊದಲು ಮಾತು ಗಟ್ಟಿಯಾಗ್ಲಿ, ಆಮೇಲೆ ನೋಡೋಣ" ಎಂದು ಮುಂದಕ್ಕೆ ತಳ್ಳಿದೆ. ಇನ್ನೊಂದು ಸಲ ಮಗಳ ಮುಖ ಹಾಗೆ ಬಾಡುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಆ ವಾರದ ಮಧ್ಯದಲ್ಲೇ ವಿಯೆಟ್ನಾಮಿನಲ್ಲಿ ಅಮೆರಿಕ ಮತ್ತು ಉತ್ತರ ಕೊರಿಯಾದ ನಾಯಕರು ಅಣ್ವಸ್ತ್ರದ ಬಗ್ಗೆ ಮಾತಿಗೆ ಕೂತರು. ಸಂಜೆಯೊಳಗೆ ಒಪ್ಪಂದಕ್ಕೆ ಸಹಿ ಬೀಳುತ್ತದೆಂದು ನಾನು ಅರ್ಧ ಸುದ್ದಿಯನ್ನು ಆಗಲೇ ಬರೆದಿಟ್ಟು, ಫೋರ್ತ್ ಬ್ಲಾಕಿಗೆ ತರಕಾರಿ ತರಲು ಹೋದೆ. ಚೀಲ ತುಂಬಿಸಿ ದರ್ಶಿನಿಯೊಂದರಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಮುಖ್ಯಸ್ಥರ ಫೋನು ಬಂತು. ಸುತ್ತಲೂ ಲೋಟಗಳ ಸದ್ದು. ಫೋನಿನಲ್ಲಿ ನಾನು ಮಾತಾಡಿದರೆ ಪಕ್ಕದ ಬೀದಿಗೂ ಕೇಳಿಸುತ್ತದೆ ಎಂದು ಮನೆಯಲ್ಲಿ ಹಂಗಿಸುತ್ತಾರೆ. ಸುಳ್ಳಲ್ಲ.

"ಏನ್ಸಾರ್? ಮಾತುಕತೆ ಮುರಿದು ಬಿತ್ತಾ? ಅಯ್ಯೋ ದೇವ್ರೇ! ಊಟಕ್ಕೆ ಎಲ್ಲಾ ಜೋಡಿಸಿದ್ರಲ್ಲ ಸಾರ್. ಗಂಡಿನ ಕಡೆಯವರು ಊಟ ಬಿಟ್ಟು ಎದ್ದು ಹೋದ್ರಾ?"

ಅವರು ಕಾರಣ ಹೇಳಿದರು, ಲೆಕ್ಕಕ್ಕೆ ಸಿಗದ ಅಣ್ವಸ್ತ್ರ ಕೇಂದ್ರಗಳ ಮಾತೂ ಅದರಲ್ಲಿತ್ತು. ನಾನು ನಕ್ಕೆ.

"ಹೆಣ್ಣಿನ ಕಡೆಯವರು ಏನೋ ಬಚ್ಚಿಟ್ಟಿದ್ದಾರೆ ಅಂತ ಇವರಿಗೆ ಮೊದಲಿಂದ್ಲೂ ಅನುಮಾನ ಅಲ್ವಾ? ಬಚ್ಚಿಡದೆ ಇರ್ತಾರಾ, ಎಲ್ಲಾನೂ ತೋರಿಸ್ಬಿಟ್ರೆ ಆಮೇಲೆ ಯಾರು ಕೇಳ್ತಾರೆ?"

ಇನ್ನು ಪುಟದಲ್ಲಿ ಖಾಲಿ ಬಿದ್ದ ಜಾಗಕ್ಕೆ ಏನು ಮಾಡುವುದು ಎಂದು ಅವರು ಕೇಳಿದರು.

"ಯೋಚ್ನೆ ಬಿಡಿ. ಆ ವ್ಯಾಪಾರಸ್ಥರದ್ದು ಇನ್ನೂ ನಡೀತಾ ಇದೆಯಲ್ಲ, ಅದನ್ನೇ ಹಿಡ್ಕೊಳೋಣ. ಅವರೆಲ್ಲಿ ಹೋಗ್ತಾರೆ? ಈಗ ಬಿಂಕ ಮಾಡ್ತಾರೆ, ಕೊನೆಗೆ ಬಗ್ಗೇ ಬಗ್ತಾರೆ."

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಹೆಂಗಸೊಬ್ಬರು ನನ್ನನ್ನು ದುರುಗುಟ್ಟಿಕೊಂಡು ನೋಡಿ, ಅರ್ಧ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಹೊರಟರು. ಜೋರಾಗಿ ಮಾತಾಡಿದ್ದಕ್ಕೆ ಸಿಟ್ಟಾಯಿತೇನೋ, ಆಗಲಿ, ಇದೇನು ಲೈಬ್ರರಿಯಾ ಎಂದುಕೊಂಡು ಮನೆಗೆ ಬಂದೆ. ಬರೆದಿಟ್ಟಿದ್ದ ಅರ್ಧ ಸುದ್ದಿಯನ್ನು ಅಳಿಸಿ ಹೊಸದಾಗಿ ಬರೆಯಲು ಕೂತೆ.

ಸಂಜೆ ಮಗಳು ಹೊತ್ತಿಗೆ ಮುಂಚೆಯೇ ಮನೆಗೆ ಬಂದಳು. ಕಣ್ಣು ಕೆಂಪಗಾಗಿತ್ತು.

"ಅಮ್ಮ, ನನಗೆ ಹೇಳ್ದೆ ಇನ್ನೊಂದು ಕಡೆ ಗಂಡು ನೋಡ್ತಿದ್ದೀಯಾ?"

ನನಗೆ ತಲೆಬುಡ ತಿಳಿಯಲಿಲ್ಲ.

"ಇವತ್ತು ಯಾರೋ ಊಟ ಬಿಟ್ಟು ಎದ್ದು ಹೋದ್ರಂತೆ. ನಾವು ಏನೋ ಬಚ್ಚಿಟ್ಟಿದ್ದೀವಂತೆ. ಈ ವ್ಯಾಪಾರಸ್ಥರಿಗೆ ಬೇರೆ ಗತಿ ಇಲ್ಲ, ಬಗ್ತಾರೆ ಅಂದ್ಯಂತೆ. ಅವನ ಸೋದರತ್ತೆ ತಿಲಕ್ ನಗರದಲ್ಲಿದ್ದಾರೆ, ಅವನ ಫೋನಲ್ಲಿ ನಿನ್ನ ಫೋಟೋ ನೋಡಿದ್ರು. ದರ್ಶಿನಿಯಲ್ಲಿ ನಿನ್ನ ಪಕ್ಕದಲ್ಲೇ ಇದ್ರಂತೆ!"

ಮೊದಲು ನಗು ಬಂತು. ಆಮೇಲೆ ಅವಳ ಮುಖ ನೋಡಿ, ನಗು ಬಿಟ್ಟು ನಡೆದದ್ದನ್ನು ಹೇಳಿದೆ. ಹುಡುಗನ ತಂದೆಗೆ ಫೋನು ಮಾಡಿ, "ಸಾರ್, ಅದು ಕೊರಿಯಾದ ವಿಷಯ" ಅಂದೆ. "ಕೊರಿಯಾದಲ್ಲೂ ಹುಡುಗನ್ನ ನೋಡಿದ್ರಾ ಮೇಡಂ?" ಎಂದು ಕೇಳಿದರು ಪಾಪ. ಫೋನಿನಲ್ಲಿ ಇದು ಬಗೆಹರಿಯುವುದಿಲ್ಲ ಎಂದು ಗೊತ್ತಾಯಿತು. ದಯವಿಟ್ಟು ಈಗಲೇ ಬನ್ನಿ ಎಂದು ಅಂಗಲಾಚಿದೆ.

ದೀಪ ಹಚ್ಚುವ ಹೊತ್ತಿಗೆ ಹುಡುಗನ ತಂದೆ, ತಾಯಿ, ಹಿಂದೆಯೇ ಆ ಅತ್ತೆ ಬಂದರು. ಅತ್ತೆಯ ಮುಖದಲ್ಲಿ ಎಳ್ಳಷ್ಟೂ ನಗುವಿಲ್ಲ. ನಾನು ವಿವರಿಸಿದಷ್ಟೂ ಅವರ ಹುಬ್ಬು ಮೇಲೇರುತ್ತಿತ್ತು. ಆಗ ನಮ್ಮ ಯಜಮಾನರು ಜೀವನದಲ್ಲಿ ಮೊದಲ ಬಾರಿಗೆ ಅಲಿಪ್ತ ನೀತಿ ಕೈಬಿಟ್ಟು ಟಿವಿ ಹಾಕಿದರು. ವಾರ್ತೆಯಲ್ಲಿ ಅದೇ ಬರುತ್ತಿತ್ತು: ಉದ್ದನೆಯ ಮೇಜು, ಹೂವು, ಸಾಲಾಗಿ ಜೋಡಿಸಿದ ತಟ್ಟೆ, ಲೋಟ. ಕುರ್ಚಿಗಳಲ್ಲಿ ಒಬ್ಬರೂ ಇಲ್ಲ.

ಅತ್ತೆ ಸೋಫಾದ ತುದಿಗೆ ಜರುಗಿದರು.

"ಅಯ್ಯೋ, ಅಷ್ಟು ಚೆನ್ನಾಗಿ ಜೋಡಿಸಿದ್ದಾರೆ! ತಿನ್ನದೇನೇ ಹೋದ್ರಾ?"

"ಹೋದ್ರು ಅಕ್ಕ, ಅದನ್ನೇ ನಾನು ಹೇಳಿದ್ದು."

"ಮತ್ತೆ ಆ ವ್ಯಾಪಾರಸ್ಥರು?"

"ಚೀನಾದವರು."

ಹುಡುಗನ ತಂದೆ ಎಷ್ಟು ಜೋರಾಗಿ ನಕ್ಕರೆಂದರೆ ಮೇಲಿನ ಮನೆಯವರು ಇಣುಕಿ ನೋಡಿದರು. "ನಾವು ಚೀನಾದವರಿಗಿಂತ ಗಟ್ಟಿ ಮೇಡಂ, ಕೊಬ್ಬರಿಯವರು!" ಎಂದು ಕಣ್ಣೊರೆಸಿಕೊಂಡರು. ನನಗೂ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅತ್ತೆ, ತಮಾಷೆಗೇ, "ಸರಿ ಬಿಡಿ, ಕೊರಿಯಾದವರು ಬಚ್ಚಿಟ್ರು. ನೀವಂತೂ ಏನೂ ಬಚ್ಚಿಟ್ಟಿಲ್ಲ ತಾನೆ?" ಅಂದರು.

ಇಲ್ಲ ಅನ್ನಲು ಬಾಯಿ ತೆರೆದೆ. ಅದರ ಬದಲು ರಿಮೋಟು ತೆಗೆದುಕೊಂಡು ಟಿವಿಯ ಸದ್ದು ಕಡಿಮೆ ಮಾಡಿದೆ. ಯಜಮಾನರು ನೆಲ ನೋಡಿದರು.

"ಒಂದು ವಿಷಯ ಇದೆ" ಅಂದಳು ಮಗಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನನಗೆ ಮುಂಚೆ ಒಂದು ಎಂಗೇಜ್‌ಮೆಂಟ್ ಆಗಿತ್ತು. ಮದುವೆ ಹತ್ತಿರ ಬಂದಾಗ ಅವರು ಬೇಡ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ. ನಿಮ್ಮ ಮಗನಿಗೆ ಗೊತ್ತು. ನಿಮಗೆ ಅಮ್ಮ ಹೇಳಬೇಕಿತ್ತು, ಅವಳಿಗೆ ಭಯ."

ನಾನು ಟಿವಿಯ ಕಡೆ ಮುಖ ತಿರುಗಿಸಿ ಕೂತೆ. ಇನ್ನೇನು ಆ ಮಾತು ಬರುತ್ತದೆ, 'ತಿಳಿಸ್ತೀವಿ' ಎಂದು ಏಳುತ್ತಾರೆ ಎಂದು ಕಾಯುತ್ತಿದ್ದೆ. ಹುಡುಗನ ತಾಯಿ ನನ್ನ ಮಗಳನ್ನೇ ನೋಡುತ್ತ ಕೇಳಿದರು:

"ಅವರಾಗಿ ಅವರೇ ಬೇಡ ಅಂದ್ರಾ?"

"ಹೂಂ ಆಂಟಿ."

"ಸದ್ಯ!" ಅಂದರು ಅವರು, ಎದೆಯ ಮೇಲೆ ಕೈಯಿಟ್ಟುಕೊಂಡು. "ಇಲ್ದಿದ್ರೆ ನೀನು ನಮಗೆಲ್ಲಿ ಸಿಗ್ತಿದ್ದೆ?"

ಸದ್ಯದ ಪರಿಸ್ಥಿತಿ, ಸದ್ಯಕ್ಕೆ ಒಪ್ಪಂದವಿಲ್ಲ, ಸದ್ಯದಲ್ಲೇ ಮತ್ತೆ ಭೇಟಿ ಎಂದು ಆ ಪದವನ್ನು ನಾನು ಪ್ರತಿದಿನ ಬರೆಯುತ್ತೇನೆ. ಅದರಲ್ಲಿ ಇಷ್ಟು ಪ್ರೀತಿ ಹಿಡಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಫಿ ಬೆರೆಸುತ್ತೇನೆಂದು ಒಳಗೆ ಹೋಗಿ, ಹಾಲು ಉಕ್ಕುವವರೆಗೂ ಅಳುತ್ತ ನಿಂತೆ.