ಅಣ್ಣನ ಇಂಗ್ಲಿಷ್ ಬೈಬಲ್

ಐನೂರು ವರ್ಷಗಳ ಹಿಂದೆ, ಇಂಗ್ಲೆಂಡಿನ ಚಿಲ್ಟರ್ನ್ ಬೆಟ್ಟದ ತಪ್ಪಲಿನ ಊರಲ್ಲಿ ಸಿಸ್ಲಿ ಡಾರ್ವಲ್ ತೊಗಲಿನ ಕೈಗವಸು ಹೊಲಿದು ಬದುಕುತ್ತಿದ್ದಳು. ಗಂಡ ಸತ್ತ ಮೇಲೆ ಅಣ್ಣ ಆಂಬ್ರೋಸನ ಮನೆ ಸೇರಿದ್ದಳು. ಆಂಬ್ರೋಸ್ ಊರ ಚರ್ಚಿನ ಕಿರಿಯ ಪಾದ್ರಿ. ಅಲ್ಲಿ ಲ್ಯಾಟಿನ್ನಿನಲ್ಲಿ ಪೂಜೆ ನಡೆಸುತ್ತಿದ್ದವನು, ಮನೆಗೆ ಬಂದು ಅಗುಳಿ ಹಾಕಿಕೊಂಡು ಅದೇ ಬೈಬಲನ್ನು ಇಂಗ್ಲಿಷಿಗೆ ತರುತ್ತಿದ್ದ. ಬೈಬಲನ್ನು ಜನರ ಮಾತಿಗೆ ತರುವುದನ್ನು ಚರ್ಚು ನಿಷೇಧಿಸಿತ್ತು; ಸಿಕ್ಕಿಬಿದ್ದರೆ ಜೀವಂತ ಸುಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಬರೆದದ್ದನ್ನು ತಂಗಿಗೆ ಓದಿ ಹೇಳುವನು.

“ಹೆಂಗಿದೆ?”

“ಬಿಷಪ್ಪು ಕೆಮ್ಮಿದಂಗಿದೆ. ನಮ್ಮಮ್ಮ ಹಿಂಗ್ ಮಾತಾಡ್ತಿದ್ಲಾ?”

ಅವನು ನಗುತ್ತ ಹೊಡೆದುಹಾಕಿ ಮತ್ತೆ ಬರೆಯುವನು. ಓದು ಬಾರದ ಸಿಸ್ಲಿಗೆ ಕೇಳಿ ಕೇಳಿಯೇ ಎಷ್ಟೋ ಸಾಲು ಬಾಯಿಪಾಠವಾಗಿದ್ದವು.

ಆ ಚಳಿಗಾಲ ನೆರೆಮನೆಯ ಮಾರ್ಜರಿಯ ಕೂಸು ಗಂಟಲುಬೇನೆಯಿಂದ ಸತ್ತಿತು. ದೊಡ್ಡ ಪಾದ್ರಿ ಬಂದು ಲ್ಯಾಟಿನ್ ಮಂತ್ರ ಮುಗಿಸಿ ಹೊರಟುಹೋದರು.

“ಏನಂದ್ರೇ ಅವ್ರು? ನನ್ ಕಂದಂಗೆ ಏನಂದ್ರು?” ಎಂದು ಮಾರ್ಜರಿ ಸಿಸ್ಲಿಯ ತೋಳು ಹಿಡಿದು ಗೋಳಾಡಿದಳು.

ಸಿಸ್ಲಿಗೆ ತಡೆಯಲಾಗಲಿಲ್ಲ. ಅವಳನ್ನು ತಬ್ಬಿಕೊಂಡು, ಅಳುವವರಿಗಾಗಿ ಯೇಸು ಆಡಿದ ಮಾತನ್ನು ಇಂಗ್ಲಿಷಿನಲ್ಲೇ ಹೇಳಿದಳು. ಮಾರ್ಜರಿಯ ಅಳು ನಿಂತಿತು.

“ದೇವ್ರು ನಮ್ ಭಾಷೇಲೂ ಮಾತಾಡ್ತಾನಾ?”

ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದ ಮಾರ್ಜರಿ, ಸಿಸ್ಲಿ ಇಂಗ್ಲಿಷಿನಲ್ಲಿ ಹೇಳಿದ ಆ ಮಾತಿನಿಂದಲೇ ತನ್ನ ಎದೆ ಹಗುರಾಯಿತೆಂದು ದೊಡ್ಡ ಪಾದ್ರಿಯ ಮುಂದೆ ಹೇಳಿಕೊಂಡಳು. ಅವಳ ಮನಸ್ಸಿನಲ್ಲಿ ಕೇಡಿರಲಿಲ್ಲ.

ಪಾದ್ರಿ ಅದನ್ನು ಬಿಷಪ್ಪನಿಗೆ ಮುಟ್ಟಿಸಿದರು. ವಾರದೊಳಗೆ ಬಿಷಪ್ಪನ ಆಳುಗಳು ಬಂದು, ಹಿಟ್ಟಿನ ಪೆಟ್ಟಿಗೆಯ ತಳದಿಂದ ಕಾಗದಗಳನ್ನು ಎಳೆದು, ಆಂಬ್ರೋಸನ ಕೈಕಟ್ಟಿ ಒಯ್ದರು.

ಸೆರೆಮನೆಗೆ ರೊಟ್ಟಿ ತೆಗೆದುಕೊಂಡು ಹೋದ ಸಿಸ್ಲಿಯನ್ನು ಅವನು ಕೇಳಿದ್ದು ಒಂದೇ. “ಯಾರ್ ಹತ್ರ ಬಾಯ್ಬಿಟ್ಟೆ?”

“ಮಾರ್ಜರಿ ಕೂಸು ಸತ್ತಿತ್ತು ಅಣ್ಣಾ. ಸುಮ್ನಿರಕ್ಕಾಗ್ಲಿಲ್ಲ.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ತೀರ್ಪು ಬರುವ ಮೊದಲೇ ಜ್ವರ ಅವನನ್ನು ಬಲಿ ತೆಗೆದುಕೊಂಡಿತು. ಚರ್ಚಿನ ನೆಲದಲ್ಲಿ ಜಾಗ ಕೊಡದೆ ರಸ್ತೆಯಂಚಿಗೆ ಹೂತರು.

ಇಂಗ್ಲಿಷಿನಲ್ಲಿ ಆ ಮಾತು ಆಡಿದ ತಪ್ಪಿಗೆ ಶಿಕ್ಷೆಯೆಂದು, ಸಂತೆಯ ದಿನ ಸಿಸ್ಲಿಗೆ ಸೌದೆಹೊರೆ ಹೊರಿಸಿ ಬರಿಗಾಲಲ್ಲಿ ನಡೆಸಿದರು. ಅದೇ ಸೌದೆಗೆ ಬೆಂಕಿಯಿಟ್ಟು, ಅಣ್ಣನ ಕಾಗದಗಳನ್ನು ಅವಳ ಕೈಯಿಂದಲೇ ಹಾಕಿಸಿದರು. ಬೆಚ್ಚಗಾಗಲು ಜನ ಹತ್ತಿರ ಸರಿದು ನಿಂತರು.

ಆಮೇಲೆ ಅವಳಿಗೆ ಯಾರೂ ಹೊಲಿಗೆ ಕೊಡಲಿಲ್ಲ. ಒಂದು ಸಂಜೆ ಮಾರ್ಜರಿ ಬಟಾಣಿ ಗಂಜಿ ತಂದು ಬಾಗಿಲು ಬಡಿದಳು.

“ನಂಗೊತ್ತಿರ್ಲಿಲ್ಲ ಕಣೇ ಸಿಸ್ಲಿ. ತೆಗಿಯೇ.”

ಸಿಸ್ಲಿ ಅಗುಳಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. ಸಿಟ್ಟೂ ಬರಲಿಲ್ಲ, ತೆಗೆಯಲೂ ಆಗಲಿಲ್ಲ. ಮಾರ್ಜರಿ ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಹೋದಳು. ಬೆಳಗಾಗುವಷ್ಟರಲ್ಲಿ ಬೀದಿಹಂದಿ ಅದನ್ನು ಮಗುಚಿ ತಿಂದಿತ್ತು.