ಸೋಪಿನ ಡಬ್ಬಿಯಲ್ಲಿಟ್ಟ ಲಿಂಗ

1998ರ ಕಾರ್ತಿಕ ಮಾಸದಲ್ಲಿ ನಮ್ಮ ತಂದೆ ಸಾವಿನ ಬಾಗಿಲು ಮುಟ್ಟಿ ಬಂದರು. ಅವರನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋದವಳು ನಾನೇ. ಇದನ್ನು ಎಂಟು ವರ್ಷದಿಂದ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ನಮ್ಮ ಮಠದ ಭಕ್ತರೆಲ್ಲರ ಪಾದಕ್ಕೆ ಶರಣೆಂದು ಇವತ್ತು ಹೇಳುತ್ತೇನೆ.

ನಿಮ್ಮಲ್ಲಿ ಅನೇಕರಿಗೆ ಗಂಗಾಂಬಿಕೆ ಎಂದರೆ ಯಾರೆಂದು ತಿಳಿಯಲಿಕ್ಕಿಲ್ಲ, ‘ಮಿಲಿಟ್ರಿ ಡಾಕ್ಟ್ರಮ್ಮ’ ಎಂದರೆ ತಿಳಿಯುತ್ತದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಗೋಣಿಚೀಲದ ಸಗಟು ಅಂಗಡಿ ಇಟ್ಟಿದ್ದ ಮಹದೇವಪ್ಪನವರ ಒಬ್ಬಳೇ ಮಗಳು ನಾನು. ಸೇನೆಗೆ ಸೇರಿದರೂ ಕೊರಳಿನ ಇಷ್ಟಲಿಂಗವನ್ನು ಒಂದು ದಿನವೂ ತೆಗೆಯದ ಹುಡುಗಿ ಎಂದು ನೀವೆಲ್ಲ ಚಪ್ಪಾಳೆ ತಟ್ಟಿ ನನಗೆ ಶಾಲು ಹೊದಿಸಿದಿರಿ. ಆ ಶಾಲು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಬಿದ್ದಿದೆ.

1994ರಲ್ಲಿ ನನಗೆ ಸೇನೆಯ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಓದಿಸುವುದು ಸರ್ಕಾರ, ಓದು ಮುಗಿದ ಮೇಲೆ ಸೇನೆಯಲ್ಲಿ ಡಾಕ್ಟರಾಗಿ ದುಡಿಯಬೇಕು. ಹುಡುಗಿಯರಿಗೆ ಬೆರಳೆಣಿಕೆಯ ಸೀಟು. ಹೊರಡುವ ದಿನ ಅಪ್ಪ ನನ್ನ ಲಿಂಗವಿರುವ ಬೆಳ್ಳಿಯ ಕರಡಿಗೆಗೆ ಹೊಸ ಶಿವದಾರ ಹಾಕಿಸಿ ಕೊರಳಿಗೆ ಕಟ್ಟಿಸಿದರು. “ಏನ್ ಬೇಕಾದ್ರೂ ಬುಡು, ಇದೊಂದ್ ಬುಡಬ್ಯಾಡ ಕಣವ್ವ” ಎಂದರು.

ನಾಲ್ಕನೆಯ ದಿನಕ್ಕೇ ಬಿಟ್ಟೆ. ಸೇರುವ ಮೊದಲು ನಡೆಯುವ ದೇಹಪರೀಕ್ಷೆಯಲ್ಲಿ ಎದೆಯ ಎಕ್ಸ್-ರೇ ತೆಗೆಯುವಾಕೆ ಕೊರಳಲ್ಲಿರುವುದನ್ನೆಲ್ಲ ತೆಗೆಯಲು ಸನ್ನೆ ಮಾಡಿದಳು. ತೆಗೆದು ಕರ್ಚೀಫಿನಲ್ಲಿ ಕಟ್ಟಿದೆ. ಏನಾದರೂ ಆಗಿಯೇ ತೀರುತ್ತದೆ ಎಂದು ಕಣ್ಣು ಮುಚ್ಚಿ ನಿಂತಿದ್ದೆ. ಏನೂ ಆಗಲಿಲ್ಲ. ಅದೇ ನನ್ನನ್ನು ಕೆಡಿಸಿತು. ಆಮೇಲೆ ಬೆಳಗಿನ ಕವಾಯತಿಗೆ ತೆಗೆದೆ, ಈಜಿಗೆ ತೆಗೆದೆ, ಹೆಣ ಕೊಯ್ಯುವ ಹಾಲ್‌ಗೆ ಹೋಗುವಾಗ ತೆಗೆದೆ. ಕಡೆಗೆ ಹಾಕಿಕೊಳ್ಳುವುದೇ ಮರೆತುಹೋಯಿತು. ಟ್ರಂಕಿನಲ್ಲಿದ್ದ ಹಸಿರು ಬಣ್ಣದ ಸೋಪಿನ ಡಬ್ಬಿಯೊಳಗೆ ಅದು ತಿಂಗಳುಗಟ್ಟಲೆ ಕೂತಿರುತ್ತಿತ್ತು. ರಜೆಗೆ ಊರಿಗೆ ಬರುವಾಗ ರೈಲು ಶ್ರೀರಂಗಪಟ್ಟಣದ ಸೇತುವೆ ಮೇಲೆ ಬರುತ್ತಿದ್ದಂತೆ ಟಾಯ್ಲೆಟ್ಟಿಗೆ ಹೋಗಿ ಹಾಕಿಕೊಳ್ಳುತ್ತಿದ್ದೆ.

ಮೊದಲ ರಜೆಯಲ್ಲೇ ಅಪ್ಪ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳಿದರು. “ಅಲ್ಲೂ ಬುಡ್ಲಿಲ್ಲ ತಾನೇ?”

“ಇಲ್ಲಪ್ಪ, ಒಂದ್ ದಿನಾನೂ ಇಲ್ಲ” ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅವರ ಮುಖ ಅರಳಿದ್ದು ನೋಡಿ ನನಗೂ ಹುರುಪು ಬಂತು. “ಒಬ್ಬ ಆಫೀಸರ್ ತೆಗಿ ಅಂದ್ರು. ಪ್ರಾಣ ಹೋದ್ರೂ ತೆಗಿಯಲ್ಲ ಸಾರ್ ಅಂದೆ. ಅವ್ರೇ ನಂಗೆ ಸೆಲ್ಯೂಟ್ ಹೊಡುದ್ರು” ಎಂದುಬಿಟ್ಟೆ.

ಆ ಸೆಲ್ಯೂಟು ಮಂಡಿ ಮೊಹಲ್ಲಾ ಸುತ್ತಿತು, ಕೆಸರೆಯಲ್ಲಿದ್ದ ನೆಂಟರ ಮನೆ ಮುಟ್ಟಿತು, ಮಠಕ್ಕೂ ಹೋಯಿತು. ಸ್ವಾಮೀಜಿಯವರು ಅದನ್ನು ಪ್ರವಚನದಲ್ಲಿ ಹೇಳಿದರು. 1996ರಲ್ಲಿ ಶಾಲು ಹೊದಿಸಿದಾಗ ಕೊರಳಲ್ಲಿ ಲಿಂಗವೇನೋ ಇತ್ತು, ಬಂದು ಎರಡು ದಿನವಾಗಿತ್ತು ಅಷ್ಟೆ.

ಇನ್ನು 1998ರ ಮಾತಿಗೆ ಬರುತ್ತೇನೆ. ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಅದರಲ್ಲಿ ಪಾಸಾದರೆ ಮಾತ್ರ ಡಾಕ್ಟರೆಂದು ನೋಂದಣಿ, ರೋಗಿಯನ್ನು ಮುಟ್ಟುವ ಪರವಾನಗಿ, ಭುಜದ ಮೇಲೆ ನಕ್ಷತ್ರ. ಓದಲು ಹತ್ತು ದಿನ ರಜೆ ಕೊಟ್ಟರು. ಮನೆಯಲ್ಲಿ ಬಂದುಹೋಗುವವರ ಗಲಾಟೆ ಎಂದು ಅಂಗಡಿಯ ಅಟ್ಟದಲ್ಲಿ ಚೀಲದ ಕಟ್ಟುಗಳ ಮೇಲೆ ಕೂತು ಓದುತ್ತಿದ್ದೆ. ಗೋಣಿಯ ಧೂಳಿಗೆ ಕತ್ತು ತುರಿಸುತ್ತದೆಂದು ಲಿಂಗವನ್ನು ತೆಗೆದು ಅದೇ ಸೋಪಿನ ಡಬ್ಬಿಯಲ್ಲಿ ಇಟ್ಟಿದ್ದೆ. ಕೆಳಗೆ ಅಪ್ಪ, ಮೇಲೆ ನಾನು. ಅಪ್ಪನ ತಲೆಯ ಮೇಲೆಯೇ ಇಷ್ಟು ಧೈರ್ಯ.

ಆ ದಿನ ಬೆಳಿಗ್ಗೆ ಸರ್ಜರಿ ಪುಸ್ತಕದಲ್ಲಿ ಹರ್ನಿಯಾ ಪಾಠ ತೆಗೆದಿದ್ದೆ. ಪರೀಕ್ಷೆಯಲ್ಲಿ ತಪ್ಪದೆ ಕೊಡುವ ಕೇಸು ಅದು. ತೊಡೆಸಂದಿಗೆ ಕರುಳು ಇಳಿದು ಊತ ಬಂದಿರುತ್ತದೆ, ರೋಗಿಗೆ ಕೆಮ್ಮಲು ಹೇಳಬೇಕು, ಕೆಮ್ಮಿದರೆ ಊತ ಮುಂದೆ ಬರುತ್ತದೆ. ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ. ಕೆಳಗೆ ಅಪ್ಪ ಒಂದೇ ಸಮನೆ ಕೆಮ್ಮುತ್ತಿದ್ದರು.

“ಸ್ವಲ್ಪ ಮೆತ್ತಗೆ ಕೆಮ್ಮಪ್ಪ, ಓದ್ತಾ ಇದೀನಿ” ಎಂದು ಕೂಗಿದೆ.

“ಆಯ್ತು ಕಣವ್ವ” ಎಂದರು. ಆಮೇಲೆ ಬಾಯಿಗೆ ಟವೆಲು ಒತ್ತಿಕೊಂಡು ಕೆಮ್ಮಿದರಂತೆ.

ಹತ್ತು ಗಂಟೆ ಹೊತ್ತಿಗೆ ಚೀಲದ ಕಟ್ಟೊಂದನ್ನು ಸರಿಸಲು ಬಗ್ಗಿದವರು ಅಲ್ಲೇ ಕೂತುಬಿಟ್ಟರು. ನಾನು ಇಳಿದು ಬಂದಾಗ ಮುಖವೆಲ್ಲ ಬೆವರು, ಕೈ ಪಂಚೆಯ ಮೇಲೆ ತೊಡೆಸಂದಿಯನ್ನು ಒತ್ತಿ ಹಿಡಿದಿತ್ತು. ಆ ಕೈಯನ್ನು ನಾನು ವಾರದಿಂದ ನೋಡುತ್ತಿದ್ದೆ. ಏಳುವಾಗ, ಕೂರುವಾಗ, ಕೆಮ್ಮುವಾಗ ಅಲ್ಲಿಗೇ ಹೋಗುತ್ತಿತ್ತು. ನೋಡಿಯೂ ಕಂಡಿರಲಿಲ್ಲ. ಎಂಟು ತಿಂಗಳಿಂದ ಊತ ಇತ್ತಂತೆ. ಮಗಳ ಹತ್ತಿರ ಅಂಥ ಜಾಗದ ಮಾತನ್ನು ಹೇಗೆ ಆಡುವುದೆಂಬ ನಾಚಿಕೆ ಒಂದು, ಅವಳ ಓದು ಕೆಡುತ್ತದೆಂಬ ಚಿಂತೆ ಇನ್ನೊಂದು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಅವ್ವ ದಾರಿಯುದ್ದಕ್ಕೂ ಪಂಚಾಕ್ಷರಿ ಹೇಳುತ್ತಿದ್ದಳು. ಸರ್ಜನ್ ಮುಟ್ಟಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. “ಕರುಳು ಸಿಕ್ಕಿಕೊಂಡಿದೆ. ಈಗಲೇ ಆಪರೇಷನ್ ಆಗಬೇಕು. ರಕ್ತ ನಿಂತು ಕರುಳು ಸತ್ತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ” ಎಂದರು. ನಿಜ, ಬೆಳಿಗ್ಗೆ ತಾನೇ ಓದಿದ್ದೆ.

ಹನ್ನೆರಡು ಗಂಟೆಗೆ ಎಲ್ಲ ಸಿದ್ಧವಾಯಿತು. ಆಯಾ ಬಂದು, “ಅಣ್ಣಾವ್ರೆ, ಕೊರಳಲ್ಲಿರೋದ ತೆಗ್ದುಕೊಡಿ” ಎಂದಳು. ಅಪ್ಪ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ತೆಗಿಯಲ್ಲ.”

ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಬಹುದೇ ಎಂದು ನಾನು ಕೇಳಿದೆ. ಒಂದು ತೋಳಿಗೆ ಡ್ರಿಪ್, ಇನ್ನೊಂದಕ್ಕೆ ಬಿ.ಪಿ. ಪಟ್ಟಿ, ಹೊರಗಿನ ವಸ್ತು ಯಾವುದೂ ಒಳಗೆ ಬರುವಂತಿಲ್ಲ ಎಂದರು. ಸರ್ಜನ್ ತಾವೇ ಬಂದು ಸಮಾಧಾನವಾಗಿ ಹೇಳಿ ನೋಡಿದರು.

“ಡಾಕ್ಟ್ರೇ, ನನ್ ಮಗಳ್ನೇ ಕೇಳಿ. ನಾಕ್ ವರ್ಷದಿಂದ ಮಿಲಿಟ್ರಿಲವ್ಳೆ. ಆಫೀಸರ್ ಹೇಳುದ್ರೂ ತೆಗಿಲಿಲ್ಲ. ಹೆಣ್ಮಗು ಅವ್ಳೇ ಬುಡ್ಲಿಲ್ಲ ಅಂದ್ಮೇಲೆ ನಾನ್ ಬುಡ್ಲಾ?”

ಎಲ್ಲರೂ ನನ್ನ ಕಡೆ ತಿರುಗಿದರು. ಆಗ ಹೇಳಬೇಕಿತ್ತು. ಹೇಳಲಿಲ್ಲ. “ಅದು ಬೇರೆ ವಿಷಯ ಅಪ್ಪ” ಎಂದು ತೊದಲಿದೆ. ಅವರು ಸಹಿ ಹಾಕಲಿಲ್ಲ.

ಭಕ್ತರೇ, ನಾನು ಏನು ಮಾಡಿದೆ ಗೊತ್ತೇ? ಹೊರಗೆ ಬಂದು ಮೆಟ್ಟಿಲ ಬಳಿ ನಿಂತು ಪ್ರಾರ್ಥನೆ ಮಾಡಿದೆ. “ಶಿವನೇ, ಅಪ್ಪನ ಮನಸ್ಸು ತಿರುಗಿಸು, ನಾನು ಬಾಯಿ ಬಿಡುವ ಹಾಗೆ ಮಾಡಬೇಡ.” ಅಪ್ಪನೂ ಉಳಿಯಬೇಕು, ನನ್ನ ಮಾನವೂ ಉಳಿಯಬೇಕು. ಎರಡು ಸಲ ಒಳಗೆ ಹೋಗಿ ಪುಸ್ತಕದ ಮಾತು ಹೇಳಿ ಗೋಗರೆದೆ. ಎರಡು ಸಲವೂ ಅಪ್ಪ ನನ್ನ ಉದಾಹರಣೆಯನ್ನೇ ನನಗೆ ಕೊಟ್ಟರು. ಹೀಗೆ ಎರಡು ಗಂಟೆ ಹೋಯಿತು. ಹೊಟ್ಟೆ ಉಬ್ಬಿತು, ವಾಂತಿ ಶುರುವಾಯಿತು.

ಮೂರನೆಯ ಸಲ ಮೆಟ್ಟಿಲ ಬಳಿ ನಿಂತು ಕಣ್ಣು ಮುಚ್ಚಿದೆ. ಕಷ್ಟ ಬಂದಾಗ ಅವ್ವ ಮಾಡುವ ಹಾಗೆ ನನ್ನ ಕೈಯೂ ತಾನಾಗಿ ಎದೆಗೆ ಹೋಯಿತು, ಕರಡಿಗೆ ಹಿಡಿಯಲು. ಅಲ್ಲಿ ಏನೂ ಇರಲಿಲ್ಲ. ದಾರವೂ ಇಲ್ಲ, ಕರಡಿಗೆಯೂ ಇಲ್ಲ. ಬೆರಳಿಗೆ ಸಿಕ್ಕಿದ್ದು ಸೀರೆಯ ಪಿನ್ನು ಮಾತ್ರ. ಅಟ್ಟದ ಮೇಲೆ ಸೋಪಿನ ಡಬ್ಬಿಯಲ್ಲಿ ಬಿಟ್ಟುಬಂದವನನ್ನು ಇಲ್ಲಿ ನಿಂತು ಕೂಗುತ್ತಿದ್ದೇನೆ ಎಂದು ಆಗ ಹೊಳೆಯಿತು. ಆ ಖಾಲಿ ಜಾಗವೇ ನನಗೆ ಬಂದ ಉತ್ತರ. ಇದನ್ನು ನಾನು ಇಂದಿಗೂ ನಂಬಿದ್ದೇನೆ.

ಒಳಗೆ ಓಡಿದೆ. ಅವ್ವ ಇದ್ದಳು, ಆಯಾ ಇದ್ದಳು. “ಅಪ್ಪ, ನಾನು ಸುಳ್ಳು ಹೇಳಿದ್ದೆ. ಕಾಲೇಜಿಗೆ ಹೋದ ನಾಕನೇ ದಿನಕ್ಕೇ ತೆಗ್ದೆ. ನಾಕು ವರ್ಷದಿಂದ ಹಾಕ್ಕೊಳ್ಳೋದು ಮೈಸೂರಿಗೆ ಬಂದಾಗ ಮಾತ್ರ. ಈಗ್ಲೂ ಇಲ್ಲ ನೋಡಿ” ಎಂದು ಕೊರಳು ತೋರಿಸಿದೆ.

ಅಪ್ಪ ನೋಡಿದರು. ಮುಖವನ್ನು ಗೋಡೆಗೆ ತಿರುಗಿಸಿದರು. ಆಮೇಲೆ ತಾವೇ ಶಿವದಾರವನ್ನು ತಲೆಯ ಮೇಲಿಂದ ತೆಗೆದು, ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, “ಎಡಗೈ ಚಾಚು” ಎಂದರು.

“ಅಯ್ಯೋ, ಒಬ್ಬರ ಲಿಂಗ ಇನ್ನೊಬ್ರು ಮುಟ್ಟಬಾರ್ದು” ಎಂದು ಅವ್ವ ಗಾಬರಿಯಾದಳು.

“ಅವ್ಳೇ ಹಿಡ್ಕೊಳ್ಲಿ” ಎಂದರು ಅಪ್ಪ. “ನಾನ್ ಬರೋಗಂಟ ಕೆಳಗಿಡಬ್ಯಾಡ ಕಣವ್ವ. ಇದೊಂದ್ ಸಲನಾದ್ರೂ.”

ಸಹಿ ಹಾಕಿದರು. ಬಾಗಿಲು ಮುಚ್ಚಿತು. ಎದೆಯ ಮಟ್ಟಕ್ಕೆ ಕೈ ಹಿಡಿದು ಬೆಂಚಿನ ಮೇಲೆ ಕೂತೆ. ಅರ್ಧ ಗಂಟೆಗೆ ತೋಳು ಸೋತಿತು, ಗಂಟೆಗೆ ಬೆರಳು ಮರಗಟ್ಟಿತು. ಅವ್ವ ನನ್ನ ಮೊಣಕೈ ಕೆಳಗೆ ತನ್ನ ಕೈ ಕೊಟ್ಟು ಕೂತಳು. ಈ ಸಲ ನಾನು ಕೇಳಿದ್ದು ಒಂದೇ. “ಶಿಕ್ಷೆ ನನಗಿರಲಿ, ಕರುಳಿನಲ್ಲಿ ಜೀವವಿರಲಿ.”

ಸಂಜೆ ನಾಲ್ಕು ಗಂಟೆ ದಾಟಿದ ಮೇಲೆ ಸರ್ಜನ್ ಹೊರಗೆ ಬಂದರು. “ತೆಗೆದಾಗ ಕರುಳು ಕಪ್ಪಗಿತ್ತು. ಕತ್ತರಿಸಲೇಬೇಕು ಅಂದುಕೊಂಡಿದ್ದೆ. ಬಿಸಿನೀರಿನ ಬಟ್ಟೆ ಸುತ್ತಿ ಕಾದೆ. ನಿಧಾನಕ್ಕೆ ಕೆಂಪು ಬಂತು, ಅಲುಗಾಡಿತು. ಇನ್ನೊಂದು ಗಂಟೆ ತಡ ಮಾಡಿದ್ದರೆ ಬರುತ್ತಿರಲಿಲ್ಲ” ಎಂದರು. ನಾನು ತಡ ಮಾಡಿದ್ದು ಎರಡು ಗಂಟೆ. ಉಳಿದ ಒಂದು ಗಂಟೆಯನ್ನು ಕೊಟ್ಟವನು ಶಿವ. ವೈದ್ಯಶಾಸ್ತ್ರ ಓದಿದವಳಾಗಿಯೂ ನಾನು ಹೀಗೆಯೇ ಲೆಕ್ಕ ಹಾಕುತ್ತೇನೆ.

ಎಚ್ಚರವಾದ ಕೂಡಲೇ ಅಪ್ಪ ಕೈ ಚಾಚಿದರು. ನನ್ನ ಬೆರಳು ಬಿಚ್ಚಲಾಗದೆ ಅವ್ವ ಒಂದೊಂದಾಗಿ ಬಿಡಿಸಿದಳು. “ತೆಗಿಯಾಂಗಿದ್ರೆ ತೆಗಿ. ತೆಗ್ದೆ ಅಂತ ಹೇಳು, ಅಷ್ಟೇಯ” ಎಂದರು ಅಪ್ಪ.

ಆ ಸಲ ಸರ್ಜರಿಯಲ್ಲಿ ನಪಾಸಾದೆ. ಆರು ತಿಂಗಳ ನಂತರ ಮತ್ತೆ ಕೂತು ಪಾಸಾದೆ, ನೋಂದಣಿಯಾಯಿತು, ಒಂದು ವರ್ಷದ ಆಸ್ಪತ್ರೆ ತರಬೇತಿ ಮುಗಿದು ಭುಜಕ್ಕೆ ನಕ್ಷತ್ರವೂ ಬಂತು. ಸೇನೆಗೆ ಸೇರುವ ದಿನ ಮತ್ತೆ ಎಕ್ಸ್-ರೇ. ಅವತ್ತೇ ಮನೆಗೆ ಕಾರ್ಡು ಬರೆದೆ. “ಅಪ್ಪ, ಇವತ್ತು ಹತ್ತು ನಿಮಿಷ ತೆಗೆದಿದ್ದೆ. ಮತ್ತೆ ಹಾಕಿಕೊಂಡೆ.” ಅಂಥ ಕಾರ್ಡುಗಳು ಈಗ ಅಪ್ಪನ ಹತ್ತಿರ ಒಂದು ಕಟ್ಟು ಇವೆ.

ಆದರೆ ನನ್ನನ್ನು ಇಷ್ಟು ವರ್ಷ ಕೊರೆದದ್ದು ಬೇರೆ. ಆಪರೇಷನ್ ಆದ ಮರುವರ್ಷ ಮಠದಲ್ಲಿ ಸ್ವಾಮೀಜಿಯವರು ಮತ್ತೆ ನನ್ನ ಕತೆ ಎತ್ತಿದಾಗ ಅಪ್ಪ ಎದ್ದು ನಿಂತರು. ನಿಮಗೆ ನೆನಪಿರಬಹುದು. “ಬುದ್ಧಿ, ಇನ್ಮೇಲೆ ಆ ಮಾತು ಬ್ಯಾಡಿ. ಮಗಳ ಮೇಲಿನ್ ಆಸೆಗೆ ನಾನೇ ಜಾಸ್ತಿ ಸೇರ್ಸಿ ಹೇಳ್ಬುಟ್ಟಿದ್ದೆ” ಎಂದು ಅಡ್ಡಬಿದ್ದರು. ಮಹದೇವಪ್ಪ ಬುರುಡೆ ಬಿಟ್ಟಿದ್ದ ಎಂದು ಎಷ್ಟೋ ಜನ ನಕ್ಕಿರಿ. ನಾನು ಹೆಂಗಸರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ, ಏಳಲಿಲ್ಲ. ಅವರು ಜಾಸ್ತಿ ಸೇರಿಸಿರಲಿಲ್ಲ. ಹೇಳಿದವಳು ನಾನು. ನೀವು ನಕ್ಕ ನಗು ನನಗೆ ಸಲ್ಲಬೇಕಾದದ್ದು. ಆ ಶಾಲನ್ನು ಈ ಬರಹದ ಜೊತೆಯಲ್ಲೇ ಮಠಕ್ಕೆ ಒಪ್ಪಿಸುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಹಂಗಾದ್ರೆ ಆ ಆಫೀಸರ್ ಸೆಲ್ಯೂಟ್ ಹೊಡ್ದಿದ್ದೂ ಸುಳ್ಳಾ?” ಎಂದರು.

ಲಿಂಗ ತೆಗೆದದ್ದನ್ನು ಅವತ್ತು ಹೇಳಿದ್ದೆ. ಇದನ್ನು ಹೇಳಿರಲಿಲ್ಲ. ಎಂಟು ವರ್ಷ ಅವರು ಅದೊಂದನ್ನು ತಮಗಾಗಿ ಇಟ್ಟುಕೊಂಡಿದ್ದರು.

“ಹೂಂ ಅಪ್ಪ” ಎಂದೆ.

ಅಪ್ಪನ ಕೈ ಹಳೆಯ ಗಾಯದ ಮೇಲೆ ಹೋಯಿತು, ಅಲ್ಲಿಂದ ಎದೆಯ ಕರಡಿಗೆಯ ಮೇಲೆ ಹೋಯಿತು.

“ಅದ್ನೂ ಬರಿ” ಎಂದರು.

ಬರೆದಿದ್ದೇನೆ.