ಉಣ್ಣದ ಮನೆಯ ಜಂತೆ

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನನಗೆ ಸಂಬಳ ಬರುತ್ತಿದ್ದದ್ದೇ ಜಂತೆ ಎಣಿಸುವುದಕ್ಕೆ. ಹಾಗಾಗಿ ನಾನು ಉಣ್ಣುವುದನ್ನೇ ಬಿಟ್ಟಿದ್ದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನ ಒಂದು ಸಂಸ್ಥೆ ಹಳ್ಳಿಗಾಡಿನ ವೃದ್ಧಾಶ್ರಮಗಳಿಗೆ ನೆರವು ಕೊಡುತ್ತಿತ್ತು. ಅಲ್ಲಿರುವ ಮುದುಕ ಮುದುಕಿಯರಿಗೆ ಹೊಟ್ಟೆ ತುಂಬ ಊಟ ಸಿಗುತ್ತಿದೆಯೇ, ಕುಡಿಯುವ ನೀರು ಶುದ್ಧವಾಗಿದೆಯೇ, ಬಚ್ಚಲು ಜಾರುತ್ತದೆಯೇ, ಬೆಂಕಿಗಿಂಕಿ ಬಿದ್ದರೆ ಹೊರಗೆ ಬರಲು ಇನ್ನೊಂದು ಬಾಗಿಲಿದೆಯೇ ಎಂದೆಲ್ಲ ನೋಡಿಬರಲು ನನ್ನನ್ನು ಇಟ್ಟುಕೊಂಡಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಬೆಳಿಗ್ಗೆ ಹುಣಸೂರಿನ ಬಸ್ಸು ಹತ್ತಿದರೆ ಬಿಳಿಕೆರೆ ಬರುವಷ್ಟರಲ್ಲಿ ಮನೆಯಿಂದ ತಂದ ಬುತ್ತಿ ಖಾಲಿ ಮಾಡಿಬಿಡುತ್ತಿದ್ದೆ. ನೀರೂ ನನ್ನದೇ. ಆಶ್ರಮದಲ್ಲಿ ಒಂದು ಲೋಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಈಯಮ್ಮ ಜಾತಿ ನೋಡುತ್ತಾಳೆ ಎಂದು ಕೆಲವರು ಆಡಿಕೊಂಡದ್ದೂ ಕಿವಿಗೆ ಬಿದ್ದಿತ್ತು. ಆಡಿಕೊಳ್ಳಲಿ ಎಂದುಕೊಂಡೆ. ಬಿಸಿಬಿಸಿ ತುಪ್ಪ ಬಡಿಸಿದವರ ಮುಂದೆ ನಿಂತು ನಿಮ್ಮ ಕಕ್ಕಸು ಗಬ್ಬು ನಾರುತ್ತಿದೆ ಎನ್ನುವುದು ಎಷ್ಟು ಕಷ್ಟ ಎಂದು ಅವರಿಗೇನು ಗೊತ್ತು?

ನಮ್ಮ ಸಂಸ್ಥೆಯ ನಿಯಮಗಳಲ್ಲಿ ಒಂದು ಹೀಗಿತ್ತು: ಎದ್ದು ಓಡಾಡಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ಮಾತ್ರ ಆಶ್ರಮದಲ್ಲಿ ಜಾಗ. ಹಾಸಿಗೆ ಹಿಡಿದವರನ್ನು ಬೇರೆ ಕಡೆಗೆ ಕಳಿಸಬೇಕು, ಇಲ್ಲದಿದ್ದರೆ ನೆರವು ನಿಲ್ಲುತ್ತದೆ. ಬೇರೆ ಕಡೆ ಎಂದರೆ ಎಲ್ಲಿ ಎಂಬುದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಯುಗಾದಿ ಕಳೆದ ಒಂದು ದಿನ ಕಂಪಲಾಪುರದಲ್ಲಿ ಬಸ್ಸಿಳಿದು ಮಣ್ಣಿನ ದಾರಿ ಹಿಡಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಹೊಗೆಸೊಪ್ಪು ಬೆಳೆಯುವ ಜಮೀನ್ದಾರರೊಬ್ಬರು ತಮ್ಮ ಹಳೆಯ ಗೋದಾಮನ್ನು ಆಶ್ರಮಕ್ಕೆಂದು ಬಿಟ್ಟುಕೊಟ್ಟಿದ್ದರು. ಅದನ್ನು ನಡೆಸುತ್ತಿದ್ದವರು ನಿವೃತ್ತರಾದ ಒಬ್ಬ ಶಾಲಾ ಮೇಷ್ಟ್ರು. ಹಿತ್ತಲಲ್ಲಿ ಒಂದು ಬ್ಯಾರನ್ ಇತ್ತು. ಎತ್ತರದ ಮಣ್ಣಿನ ಗೋಡೆ, ತಗಡಿನ ಮಾಡು, ಕಿಟಕಿಯಿಲ್ಲ. ಮಳೆಗಾಲದ ಬೆಳೆ ಕೈಗೆ ಬಂದಾಗ ಅದರೊಳಗೆ ಹೊಗೆಸೊಪ್ಪು ನೇತುಹಾಕಿ, ಬಾಗಿಲು ಬಿಗಿದು, ಬೆಂಕಿ ಕೊಟ್ಟು ಬೇಯಿಸುತ್ತಾರೆ. ಬೇಸಗೆಯಲ್ಲಿ ಅದು ಖಾಲಿ ಬಿದ್ದಿರುತ್ತದೆ.

ನಾನು ಬರುತ್ತೇನೆಂಬ ಸುದ್ದಿ ವಾಡಿಕೆಯಂತೆ ಮೊದಲೇ ಹೋಗಿತ್ತು. ಅಂಗಳಕ್ಕೆ ಸಗಣಿನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಎಲ್ಲರೂ ಒಗೆದ ಬಟ್ಟೆ ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದರು. ನನ್ನನ್ನು ಮೊದಲು ಮಾತಾಡಿಸಿದ್ದು ಒಬ್ಬ ಒಣಕಲು ಅಜ್ಜಿ. ಹೊಗೆಸೊಪ್ಪು ಕಟ್ಟಿ ಕಟ್ಟಿ ಬೆರಳ ಸಂದೆಲ್ಲ ಕಂದು ಬಣ್ಣ ಹಿಡಿದಿತ್ತು.

"ಬಿಸ್ಲಲ್ಲಿ ಬಂದೀರಿ ಕಣವ್ವ. ಮೊದ್ಲು ಉಂಡ್ಬುಡಿ. ಇಟ್ಟು ಬಿಸಿಯಾಗಿ ಅದೆ, ಉಪ್ಸಾರು ಅದೆ."

"ಉಂಡರೆ ಜಂತೆ ಎಣಿಸೋ ಹಾಗಿಲ್ಲವಲ್ಲ ಅಜ್ಜಿ. ಮೊದಲು ಎಣಿಸಿಬಿಡ್ತೀನಿ," ಎಂದು ನಕ್ಕೆ. ಉಳಿದವರೂ ನಕ್ಕರು. ಅಜ್ಜಿ ನಗಲಿಲ್ಲ. ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ನೆಲ ನೋಡಿದರು.

ಆಮೇಲೆ ತಿಳಿದ ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ನಾನು ನಗುತ್ತಿದ್ದ ಆ ಹೊತ್ತಿಗೆ ಹಿತ್ತಲ ಬ್ಯಾರನ್ನಿನ ಕತ್ತಲೆಯಲ್ಲಿ ಒಬ್ಬ ಮುದುಕಿ ಚಾಪೆಯ ಮೇಲೆ ಬಿದ್ದಿದ್ದಳು. ಸೊಂಟ ಬಿದ್ದುಹೋಗಿ ಹಾಸಿಗೆ ಹಿಡಿದವಳು. ನನ್ನ ಕಣ್ಣಿಗೆ ಬಿದ್ದರೆ ಆಶ್ರಮದಿಂದ ಹೊರಗೆ ಹಾಕಿಸುತ್ತೇನೆಂದು ಅವಳನ್ನು ಅಲ್ಲಿ ಮಲಗಿಸಿ, ನಾಯಿ ನುಗ್ಗದಂತೆ ಹೊರಗಿನಿಂದ ಚಿಲಕ ಹಾಕಿದ್ದರು. ಕೆಮ್ಮಬೇಡ ಎಂದು ಹೇಳಿದ್ದರು. ನಾನು ಹೊರಟುಹೋಗುವ ತನಕ ಬಾಗಿಲು ತೆಗೆಯುವ ಹಾಗಿರಲಿಲ್ಲ.

ಇದೊಂದೂ ತಿಳಿಯದ ನಾನು ನಿಧಾನವಾಗಿ ಕೆಲಸಕ್ಕೆ ಇಳಿದೆ. ಅಡುಗೆಮನೆಯ ಡಬ್ಬಗಳ ಮುಚ್ಚಳ ತೆಗೆದು ಮೂಸಿದೆ. ನೀರಿನ ತೊಟ್ಟಿಯ ಮೇಲೆ ಹತ್ತಿ ಒಳಗೆ ಇಣುಕಿದೆ. ಬಚ್ಚಲಿನ ನೆಲವನ್ನು ಬರಿಗಾಲಲ್ಲಿ ಉಜ್ಜಿ ನೋಡಿದೆ. ಹಿಡಿದು ಏಳಲು ಗೋಡೆಗೆ ಹಗ್ಗ ಬಿಗಿದಿದ್ದರು, ಜಗ್ಗಿದೆ, ಗಟ್ಟಿಯಾಗಿತ್ತು. ನಿಜ ಹೇಳಬೇಕೆಂದರೆ ಆ ಆಶ್ರಮ ನಾನು ನೋಡಿದವುಗಳಲ್ಲೆಲ್ಲ ಅಚ್ಚುಕಟ್ಟಾಗಿತ್ತು. ಆದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ನಾನು ಎಲ್ಲಿಗೆ ಹೋದರೂ ಆ ಒಣಕಲು ಅಜ್ಜಿ ಬೆನ್ನ ಹಿಂದೆಯೇ ಇದ್ದಳು.

"ಒತ್ತಾಯ್ತು ಕಣವ್ವ. ಬಸ್ಸು ಒಂಟೋಯ್ತದೆ. ಇದು ಬುಟ್ರೆ ಸಂಜೆಗಂಟ ಇಲ್ಲ."

"ಸಂಜೆ ಬಸ್ಸಿಗೇ ಹೋಗ್ತೀನಿ ಬಿಡಿ."

"ಮನೇಲಿ ಮಕ್ಳು ಕಾಯ್ತಾ ಇರಾಕಿಲ್ವಾ?"

ನನ್ನದು ಹೊರಡು ಅಂದರೆ ಕೂರುವ ಗುಣ. ಅಮ್ಮ ಇದ್ದಾಗಲೇ ಅದಕ್ಕೆ ಬೇಕಾದಷ್ಟು ಬೈಸಿಕೊಂಡಿದ್ದೆ. ಇವರಿಗೆ ಯಾರೋ ಪಾಠ ಹೇಳಿಕೊಟ್ಟಿದ್ದಾರೆ, ನನ್ನನ್ನು ಸಾಗಹಾಕಲು ನೋಡುತ್ತಿದ್ದಾರೆ ಎಂದು ಮೈ ಉರಿಯಿತು. ಬೇಕೆಂದೇ ಮತ್ತಷ್ಟು ನಿಧಾನ ಮಾಡಿದೆ. ಒಬ್ಬೊಬ್ಬರ ಮಂಚದ ಬಳಿ ಕೂತು, ನಿದ್ದೆ ಬರುತ್ತದೆಯೇ, ಮಾತ್ರೆ ಕೊಡುತ್ತಾರೆಯೇ, ಯಾರಾದರೂ ಗದರುತ್ತಾರೆಯೇ ಎಂದು ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ: "ಚೆಂದಾಗ್ ನೋಡ್ಕತ್ತಾರೆ ಕಣವ್ವ." ಹೇಳುವಾಗ ಒಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣು ಹಿತ್ತಲ ಕಿಟಕಿಯ ಕಡೆ ಹೋಗಿ ಹೋಗಿ ಬರುತ್ತಿತ್ತು. ಹೊರಗೆ ಬ್ಯಾರನ್ನಿನ ತಗಡು ಬಿಸಿಲಿಗೆ ಟಕ್ ಟಕ್ ಎಂದು ಸದ್ದು ಮಾಡುತ್ತಿತ್ತು.

ಹೊತ್ತು ನೆತ್ತಿ ಮೀರಿತು. ರಾಗಿ ಹಿಟ್ಟಿನ ಮುದ್ದೆ ತಟ್ಟೆಗೆ ಬಿದ್ದು ಆರುತ್ತಿದ್ದರೂ ಯಾರೂ ಕೈ ಹಾಕಲಿಲ್ಲ.

"ನೀವೆಲ್ಲ ಊಟ ಮಾಡಿ, ನನಗೆ ಕಾಯಬೇಡಿ," ಎಂದೆ.

"ಬಂದೋರು ಉಣ್ಣದೆ ನಾವೆಂಗ್ ಉಣ್ಣಾದು?" ಎಂದ ಮೂಲೆಯ ಮಂಚದ ಅಜ್ಜ.

ಮೇಷ್ಟ್ರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಹಳೇ ಕಾಲದೋರು ಮೇಡಂ. ಅತಿಥಿಗಳು ಒಂದು ತುತ್ತಾದ್ರೂ ಬಾಯಿಗಿಟ್ಟರೆ ಇವರೂ ಕೂರ್ತಾರೆ. ಹಿಂದೆ ಬರ್ತಿದ್ದ ಸಾಹೇಬ್ರು ಬಂದ ಕೂಡ್ಲೇ ಊಟಕ್ಕೆ ಕೂತ್ಬಿಡೋರು. ಉಂಡ್ರು, ಒಂದು ಸುತ್ತು ನೋಡಿದ್ರು, ಹೋದ್ರು. ಅಷ್ಟೇ." ಅವರ ದನಿಯಲ್ಲಿ ಆ ಸಾಹೇಬರ ಮೇಲೆ ಇದ್ದ ಪ್ರೀತಿ ಕೇಳಿ ನನಗೆ ಇನ್ನೂ ಸಿಟ್ಟು ಬಂತು. ಹಾಗಾದರೆ ಊಟ ಹಾಕಿ ಬಾಯಿ ಮುಚ್ಚಿಸುವುದು ಇಲ್ಲಿನ ರೂಢಿ ಎಂದುಕೊಂಡೆ. ಇವತ್ತು ನಡೆಯುವುದಿಲ್ಲ ಎಂದೂ ಅಂದುಕೊಂಡೆ.

ಆಗ ಅಜ್ಜಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ನಿಮ್ ಕಾಲಿಗ್ ಬೀಳ್ತೀನಿ. ಒಂದ್ ತುತ್ತು ಉಂಡು ಒಂಟೋಗಿ."

"ಯಾರು ಹೇಳಿಕೊಟ್ಟರು ನಿಮಗೆ ಹೀಗೆ ಹೇಳೋಕೆ?" ನನ್ನ ದನಿ ಏರಿತ್ತು. "ಇಲ್ಲಿ ಏನಾಗ್ತಿದೆ ಅಂತ ಬಾಯಿ ಬಿಟ್ಟು ಹೇಳಿ."

"ನಾ ಯೋಳಂಗಿಲ್ಲ. ಈ ಮನೇಲಿ ಉಂಡಿವ್ನಿ."

ಮೇಷ್ಟ್ರು "ಅಜ್ಜೀ" ಎಂದರು, ಅಷ್ಟೇ. ಅಜ್ಜಿ ಅವರ ಕಡೆ ತಿರುಗಲಿಲ್ಲ. ನನ್ನನ್ನೇ ದಿಟ್ಟಿಸಿ ಒಂದೊಂದೇ ಮಾತು ತೂಗಿ ಹೇಳಿದಳು:

"ನೀವ್ ಉಂಡಿಲ್ವಲ್ಲ. ಉಂಡಿಲ್ಲ ಅಂದ್ಮೇಲೆ ಜಂತೆ ಎಣ್ಸಿ. ಅರ್ಧ ಎಣ್ಸಬ್ಯಾಡಿ, ಪೂರಾ ಎಣ್ಸಿ. ಅದ್ರುದೂವೆ ಎಣ್ಸಿ." ಹೇಳಿ ಗಲ್ಲ ಎತ್ತಿ ಹಿತ್ತಲ ಕಿಟಕಿಯ ಕಡೆ ತೋರಿಸಿದಳು.

ಹಿತ್ತಲಿಗೆ ನಡೆದೆ. ಮೇಷ್ಟ್ರು ಓಡಿಬಂದು ಅಡ್ಡ ನಿಂತರು. "ಅದು ಆಶ್ರಮದ್ದಲ್ಲ ಮೇಡಂ, ಜಮೀನಿನೋರ್ದು. ಖಾಲಿ ಬಿದ್ದಿದೆ. ಹಾವು ಗೀವು ಇರ್ತವೆ." ಅವರ ತುಟಿ ಬಿಳಿಚಿಕೊಂಡಿತ್ತು. ಅವರನ್ನು ಸರಿಸಿ ಚಿಲಕಕ್ಕೆ ಕೈ ಹಾಕಿದೆ. ಕಬ್ಬಿಣ ಕಾದು ಸುಡುತ್ತಿತ್ತು. ಸೆರಗು ಸುತ್ತಿಕೊಂಡು ಎಳೆದೆ.

ಒಳಗಿನಿಂದ ಹಳೆಯ ಹೊಗೆಸೊಪ್ಪಿನ ಘಾಟು, ಅದರೊಂದಿಗೆ ಧಗೆ, ಒಟ್ಟಿಗೇ ಮುಖಕ್ಕೆ ರಾಚಿದವು. ಮೊದಲು ಏನೂ ಕಾಣಿಸಲಿಲ್ಲ. ಕಣ್ಣು ಹೊಂದಿಕೊಂಡಾಗ, ಸೊಪ್ಪು ನೇತುಹಾಕುವ ಗಳಗಳು ಒಂದರ ಮೇಲೊಂದು ಮಾಡಿನವರೆಗೆ ಏರಿಹೋಗಿದ್ದವು. ಅವುಗಳ ಕೆಳಗೆ ಚಾಪೆ, ಚಾಪೆಯ ಮೇಲೆ ಅವಳು. ಪಕ್ಕದಲ್ಲಿ ಉರುಳಿಬಿದ್ದ ಒಂದು ಚೊಂಬು. ನೀರೆಲ್ಲ ನೆಲ ಕುಡಿದಿತ್ತು. ಸೀರೆಯ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಮುಚ್ಚಿತ್ತು.

ಸತ್ತೇಹೋದಳು ಎಂದುಕೊಂಡೆ. ಮಂಡಿಯೂರಿ ಬಾಯಿಂದ ಬಟ್ಟೆ ಎಳೆದೆ. ಎದೆ ಒಂದು ಸಲ ಮೇಲೆದ್ದು ಇಳಿಯಿತು. ಕಣ್ಣು ಬಿಟ್ಟು ನನ್ನನ್ನು ನೋಡಿದಳು, ನನ್ನ ಹಿಂದೆ ನಿಂತಿದ್ದ ಮೇಷ್ಟ್ರನ್ನು ನೋಡಿದಳು. ಒಣಗಿದ ನಾಲಿಗೆಯಿಂದ ಅವಳು ಆಡಿದ ಮೊದಲ ಮಾತು ಇದು:

"ನಾ ಕೆಮ್ಮಿಲ್ಲ ಕಣವ್ವ. ಒಂದ್ಸಲಾನೂವೆ ಕೆಮ್ಮಿಲ್ಲ. ಮೇಷ್ಟ್ರುಗೆ ಯೋಳಿ."

ನನಗೆ ಅಳು ಬಂತು. ಅಳುತ್ತಲೇ ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದೆ. ಚಾಪೆಯ ಎರಡು ತುದಿ ನಾನು, ಎರಡು ತುದಿ ಅವರು ಹಿಡಿದು ಅವಳನ್ನು ಪಡಸಾಲೆಗೆ ತಂದೆವು. ಮನೆಯಿಂದ ತಂದಿದ್ದ ನನ್ನ ಬಾಟಲಿಯ ನೀರಿನಲ್ಲೇ ಹತ್ತಿ ಅದ್ದಿ ಅದ್ದಿ ಅವಳ ತುಟಿಗೆ ಹಿಂಡಿದೆವು. ಒಣಕಲು ಅಜ್ಜಿ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅಜ್ಜಿ ಪಿರಿಯಾಪಟ್ಟಣದ ಕಡೆಯವಳು, ಮಲಗಿದವಳು ಚುಂಚನಕಟ್ಟೆಯ ಕಡೆಯವಳು. ನಂಟಿಲ್ಲ, ಮಂಚ ಮಾತ್ರ ಪಕ್ಕಪಕ್ಕ. ದಿನವೂ ಅವಳ ಬಾಯಿಗೆ ತುತ್ತಿಡುತ್ತಿದ್ದವಳು ಈ ಅಜ್ಜಿಯೇ.

ನೀರು ಒಳಗೆ ಹೋದ ಮೇಲೆ ಮಲಗಿದವಳು ಕೆಮ್ಮಿದಳು. ಅಷ್ಟು ಹೊತ್ತಿನಿಂದ ತಡೆದದ್ದೆಲ್ಲ ಹೊರಗೆ ಬರುವಂತೆ ಕೆಮ್ಮಿದಳು. ಯಾರೂ ಬೇಡವೆನ್ನಲಿಲ್ಲ.

ಮೇಷ್ಟ್ರು ಹೊಸ್ತಿಲ ಮೇಲೆ ಕುಸಿದು ಕೂತಿದ್ದರು. "ಎಲ್ಲಿಗೆ ಕಳಿಸಲಿ ಮೇಡಂ?" ಎಂದರು. "ನೀವೇ ಒಂದು ಜಾಗ ಹೇಳಿ, ಈಗಲೇ ಗಾಡಿ ಕಟ್ಟಿಸ್ತೀನಿ. ಇಟ್ಕೊಂಡ್ರೆ ನೆರವು ನಿಲ್ಲಿಸ್ತೀರಿ, ಇವರಷ್ಟೂ ಜನ ಬೀದಿಗೆ ಬೀಳ್ತಾರೆ. ಊಟ ಮಾಡಿ ಹೋಗ್ತೀರಿ, ಸ್ವಲ್ಪ ಹೊತ್ತು ತಾನೇ ಅಂದ್ಕೊಂಡೆ. ನೀವು ಉಣ್ಣಲೇ ಇಲ್ಲ."

ನನ್ನ ಸಿಟ್ಟು ಇಳಿದಿರಲಿಲ್ಲ, ಯಾರ ಮೇಲೆ ಎಂಬುದು ಮಾತ್ರ ಗೋಜಲಾಗಿತ್ತು. ಕೈ ತೊಳೆದುಕೊಂಡು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತೆ. ಎಣಿಸುವುದು ಮುಗಿದಿತ್ತು. ತಣ್ಣಗಾಗಿ ಗಟ್ಟಿಯಾದ ಹಿಟ್ಟನ್ನು ಮುರಿದು ಉಪ್ಸಾರಿಗೆ ಅದ್ದಿ ನುಂಗಿದೆ. ಆಮೇಲೆ ಎಲ್ಲರೂ ಉಂಡರು.

ಮೈಸೂರಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟೆ. ಹಾಸಿಗೆ ಹಿಡಿದವಳೊಬ್ಬಳು ಇದ್ದಾಳೆ, ಅವಳನ್ನು ಅಲ್ಲೇ ಇಟ್ಟುಕೊಂಡು ನೋಡಿಕೊಳ್ಳಲು ಒಬ್ಬ ಆಳು ಬೇಕು, ನೆರವು ನಿಲ್ಲಿಸಬಾರದು ಎಂದೆ. ನನ್ನ ಮೇಲಿನವರು ಕನ್ನಡಕ ತೆಗೆದಿಟ್ಟು, "ನಿಯಮ ಅಂದ್ರೆ ನಿಯಮ ಕಣಮ್ಮ. ಒಬ್ಬಳಿಗೆ ಬಿಟ್ಟರೆ ನಾಳೆ ಎಲ್ಲರೂ ಮಲಗಿದೋರನ್ನೇ ತುಂಬಿಸ್ತಾರೆ," ಎಂದರು.

"ಬಿಡದೆ ಇದ್ದರೆ ಬಚ್ಚಿಡ್ತಾರೆ ಸಾರ್. ಮುಂದಿನ ಸಲ ನಾನು ಚಿಲಕ ತೆಗೆಯುವಾಗ ಹೆಣ ಸಿಗುತ್ತೆ," ಎಂದೆ. ಅಷ್ಟು ಜೋರಾಗಿ ಹೇಳಬಾರದಿತ್ತೇನೋ, ಪಕ್ಕದ ಕೋಣೆಯಲ್ಲಿ ಟೈಪು ಹೊಡೆಯುವುದು ನಿಂತಿತು.

"ನೋಡೋಣ," ಎಂದರು ಅವರು. ಕಚೇರಿಯಲ್ಲಿ ನೋಡೋಣ ಎಂದರೆ ಏನೆಂದು ಎಲ್ಲರಿಗೂ ಗೊತ್ತಿರುವುದೇ. ಕೇಳಿದಾಗಲೆಲ್ಲ ಅದೇ ಉತ್ತರ. ಮಳೆಗಾಲ ಹಿಡಿಯಿತು. ಆ ಆಶ್ರಮದವರಿಗೆ ಮೇಲಿನಿಂದ ಏನೋ ಹೇಳಿ ಕಳಿಸಿದ್ದಾರೆ ಎಂಬುದಷ್ಟೇ ಕಿವಿಗೆ ಬಿತ್ತು. ಏನು ಹೇಳಿದ್ದಾರೆಂದು ಬಾಯಿ ಬಿಡುವವರಿರಲಿಲ್ಲ.

ತಡೆಯಲಾಗದೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಬಿಳಿಕೆರೆ ಬಂದರೂ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಕಂಪಲಾಪುರದಲ್ಲಿ ಇಳಿದು ಕೆಸರು ತುಳಿಯುತ್ತ ಹೊರಟಾಗ ದೂರದಿಂದಲೇ ಬ್ಯಾರನ್ನಿನ ಹೊಗೆ ಕಾಣಿಸಿತು. ಬೇಯಿಸುವ ಕಾಲ ಶುರುವಾಗಿತ್ತು. ಕಾಲು ತಾನಾಗಿ ಬೀಸಿತು. ಗೇಟಿನ ಬಳಿ ಬಂದಾಗ ರಂಗೋಲಿಯಿರಲಿಲ್ಲ, ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಅವಳನ್ನು ಕಳಿಸಿಬಿಟ್ಟಿದ್ದಾರೆ ಎಂದು ಅಲ್ಲೇ ನಿಂತುಬಿಟ್ಟೆ.

ಆಗ ಪಡಸಾಲೆಯ ಒಳಗಿನಿಂದ ಕೆಮ್ಮು ಕೇಳಿಸಿತು. ದೊಡ್ಡ ಕೆಮ್ಮು, ಯಾರ ಹೆದರಿಕೆಯೂ ಇಲ್ಲದ ಕೆಮ್ಮು. ಅದರ ಹಿಂದೆಯೇ ಒಣಕಲು ಅಜ್ಜಿಯ ಬೈಗುಳ:

"ಮೆತ್ತಗ್ ಕೆಮ್ಮೇ. ಮೈಸೂರ್ನೋರು ಇರ್ಲಿ ಅಂದವ್ರೆ ಅಂತ ರಾತ್ರಿಯೆಲ್ಲ ನಿದ್ದೆ ಕೊಡ್ಲಿಲ್ಲ ನೀನು."

ಗೇಟು ಹಿಡಿದು ಅದನ್ನು ಕೇಳುತ್ತ ನಿಂತೆ. ಇನ್ನೊಂದು ಸಲ ಕೆಮ್ಮಿದ ಮೇಲೆಯೇ ಒಳಗೆ ಹೋದೆ.